ದರೋಜಿಯ ಎರಡು ಲಕ್ಷ ಸಾಲು

ತೋರಣಗಲ್ಲಿನಲ್ಲಿ ಏನನ್ನೇ ಆದರೂ ಟನ್ನಿನಲ್ಲಿ ಅಳೆಯುವುದು ರೂಢಿ. ಇಲ್ಲಿಯ ಉಕ್ಕಿನ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 1 ಕೋಟಿ 20 ಲಕ್ಷ ಟನ್ನನ್ನೂ ದಾಟಿದೆ. ಅಷ್ಟಕ್ಕೇ ಭಾಗಿಸಿ ನೋಡಿದರೂ ನಿಮಿಷಕ್ಕೆ ಹತ್ತಿರ ಹತ್ತಿರ 23 ಟನ್. ದೊಡ್ಡ ಲೆಕ್ಕವೇ, ಅನುಮಾನವಿಲ್ಲ. ಆದರೆ ನನ್ನನ್ನು ಕೇಳಿದರೆ ಈ ಸೀಮೆಯ ಅತಿ ದೊಡ್ಡ ಲೆಕ್ಕ ಅಲ್ಲಿಂದ ಹೆಚ್ಚು ದೂರವಿಲ್ಲದ ದರೋಜಿಯದು. ಸಂಡೂರು ತಾಲ್ಲೂಕಿನ ಆ ಊರಿನಲ್ಲಿದ್ದ ಬುರ್ರಕಥಾ ಈರಮ್ಮನವರಿಗೆ ಓದು ಬರಹ ಬರುತ್ತಿರಲಿಲ್ಲ. ಆಕೆಗೆ ಬಾಯಿಪಾಠವಾಗಿದ್ದುದು 12 ಮಹಾಕಾವ್ಯ, ಸುಮಾರು 2 ಲಕ್ಷ ಸಾಲು. ಅಚ್ಚು ಹಾಕಿಸಿದರೆ 7,000 ಪುಟ.

ಇಂಥ ಅಂಕಿ ಕಂಡಾಗ ಮೊದಲು ಅನುಮಾನಪಡುವುದು ಒಳ್ಳೆಯದು. 2 ಲಕ್ಷವನ್ನು 7,000ದಿಂದ ಭಾಗಿಸಿದರೆ ಪುಟಕ್ಕೆ 28 ಸಾಲು ಬರುತ್ತದೆ. ಸಾಮಾನ್ಯ ಕನ್ನಡ ಪುಸ್ತಕದ ಪುಟ ಅಷ್ಟೇ ತಾನೆ ಹಿಡಿಯುವುದು? ಲೆಕ್ಕ ಕೂಡುತ್ತದೆ. ಹಾಡಿನಲ್ಲಿ ಸಾಲು ಎಲ್ಲಿ ಮುಗಿಯಿತು ಎನ್ನುವುದನ್ನು ಬರೆದುಕೊಳ್ಳುವವರು ತೀರ್ಮಾನಿಸುತ್ತಾರೆ ಎಂಬ ತಕರಾರು ಇದ್ದೇ ಇದೆ. ಹಾಗೆಂದು ಅರ್ಧ ಕಳೆದರೂ ಉಳಿಯುವುದು 1 ಲಕ್ಷ.

ಹೋಮರನ ಇಲಿಯಡ್‌ನಲ್ಲಿರುವುದು 15,693 ಸಾಲು. ಈರಮ್ಮನ 2 ಲಕ್ಷವನ್ನು 12 ಕಾವ್ಯಗಳಿಗೆ ಹಂಚಿದರೆ ಒಂದೊಂದಕ್ಕೆ ಸರಾಸರಿ 16,600 ದಾಟುತ್ತದೆ. ಅಂದರೆ ಇಲಿಯಡ್‌ಗಿಂತ ತುಸು ದೊಡ್ಡವು, ಹನ್ನೆರಡು. ನಮ್ಮ ಕುಮಾರವ್ಯಾಸನ ಭಾರತ ಎಂಟು ಸಾವಿರ ಚಿಲ್ಲರೆ ಷಟ್ಪದಿ; ಪದ್ಯಕ್ಕೆ ಆರು ಸಾಲಿನಂತೆ 50 ಸಾವಿರದ ಆಸುಪಾಸು. ಅದರ ನಾಲ್ಕರಷ್ಟು ಒಬ್ಬ ಹೆಂಗಸಿನ ನೆನಪಿನಲ್ಲಿತ್ತು. ಯುಗೊಸ್ಲಾವಿಯದಲ್ಲಿ 1935ರಲ್ಲಿ ಅವ್ದೊ ಮೆಜೆದೊವಿಚ್ ಎಂಬ ಗಾಯಕ 12 ಸಾವಿರಕ್ಕೂ ಮಿಕ್ಕ ಸಾಲಿನ ಒಂದೇ ಹಾಡನ್ನು ಹೇಳಿ ಬರೆಸಿದ. ಓದು ಬಾರದವನು ಇಷ್ಟನ್ನು ಹೇಳಬಲ್ಲನಾದರೆ ಹೋಮರನೂ ಹಾಡಿಯೇ ಕಟ್ಟಿರಬಹುದು ಎಂದು ವಿದ್ವಾಂಸರ ಲೋಕ ದಶಕಗಳ ಕಾಲ ಚರ್ಚಿಸಿತು. ನಮ್ಮಲ್ಲೇ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ತುಳು ಸಿರಿ ಪಾಡ್ದನ 15,683 ಸಾಲು. ಇಲಿಯಡ್‌ಗಿಂತ ಹತ್ತೇ ಸಾಲು ಕಡಿಮೆ! ಅದನ್ನು ದಾಖಲಿಸಿದ ಫಿನ್‌ಲ್ಯಾಂಡಿನ ಲೌರಿ ಹೊಂಕೊ ಅವರೊಂದಿಗೆ ಕೆಲಸ ಮಾಡಿದ ವಿವೇಕ ರೈ ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು.

ಈರಮ್ಮ ಬುರ್ರಕಥೆ ಹೇಳುವಾಗ ತಂಬೂರಿ ಹಿಡಿದು ನಡುವೆ ನಿಲ್ಲುತ್ತಿದ್ದರು. ಅಕ್ಕಪಕ್ಕದಲ್ಲಿ ಬುಡಿಗೆ ಬಾರಿಸುತ್ತ ದನಿಗೂಡಿಸುವವರು. ನಿಮಿಷಕ್ಕೆ 10 ಸಾಲು ಎಂದು ಹಿಡಿಯಿರಿ. ರಾತ್ರಿಗೆ ಆರು ತಾಸು ಬಿಡದೆ ಹಾಡಿದರೂ 12 ಕಾವ್ಯ ಮುಗಿಯಲು 56 ರಾತ್ರಿ ಬೇಕು. ಕೇಳುವವರಿಗೇ ಸಾಕಾಗಿಹೋಗುತ್ತದೆ. ಇನ್ನೂ ಒಂದು ಮಾತು: ಆಕೆ ಹುಟ್ಟಿದ ಬುಡ್ಗ ಜಂಗಮ ಸಮುದಾಯ ಅಲೆಮಾರಿಗಳದು, ಅವರ ಮನೆಮಾತು ತೆಲುಗು. ಇಷ್ಟು ಕನ್ನಡ ಕಾವ್ಯವನ್ನು ಕಾಪಾಡಿದ್ದು ತೆಲುಗಿನ ಮನೆ.

ಆ ಹನ್ನೆರಡರಲ್ಲಿ ಕುಮಾರರಾಮನ ಕಥೆಯೂ ಒಂದು. ಕಂಪ್ಲಿ ಸೀಮೆಯನ್ನು ಆಳಿದ ಕಂಪಿಲರಾಯನ ಮಗ ಆತ. ದೆಹಲಿಯ ತುಘಲಕನ ಸೇನೆಗೆ ಆ ರಾಜ್ಯ ಬಿದ್ದದ್ದು 1327ರ ಸುಮಾರಿಗೆ. ಈರಮ್ಮ ತೀರಿಕೊಂಡದ್ದು 2014ರ ಆಗಸ್ಟ್‌ನಲ್ಲಿ. ನಡುವೆ 687 ವರ್ಷ. ತಲೆಮಾರಿಗೆ 27 ವರ್ಷ ಎಂದರೂ 25 ತಲೆಮಾರು. ಅಷ್ಟು ಕಾಲ ಈ ಕಥೆಗೆ ಕಟ್ಟಡವಿರಲಿಲ್ಲ, ಹಾಜರಿ ಪುಸ್ತಕವಿರಲಿಲ್ಲ, ಸಂಬಳದ ಮೇಷ್ಟರಿರಲಿಲ್ಲ. ಅಪ್ಪ ಅಮ್ಮ ಹಾಡುವಾಗ ಪಕ್ಕದಲ್ಲಿ ದನಿಗೂಡಿಸುತ್ತ ಮಕ್ಕಳು ಕಲಿತರು. ಸಮುದಾಯವೇ ನಡೆಸಿದ ಶಾಲೆ ಎಂದು ನಾವು ಭಾಷಣದಲ್ಲಿ ಹೇಳುತ್ತೇವಲ್ಲ, ಇದಕ್ಕಿಂತ ಹಳೆಯದು ಈ ಸೀಮೆಯಲ್ಲಿ ನನಗೆ ಕಾಣುವುದಿಲ್ಲ.

ಕಟ್ಟಡವಿರುವ ಶಾಲೆ ಬಂದದ್ದು ತೀರಾ ಈಚೆಗೆ. ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದು 1991ರಲ್ಲಿ. ಮೊದಲ ಕುಲಪತಿ ಚಂದ್ರಶೇಖರ ಕಂಬಾರ. ಕಮಲಾಪುರದ ಬಳಿ ಬಂಡೆ, ಕುರುಚಲಿನ ನಡುವೆ ಸುಮಾರು 700 ಎಕರೆ. ಕಾಲೇಜುಗಳಿಗೆ ಮಾನ್ಯತೆ ಕೊಟ್ಟು ಪರೀಕ್ಷೆ ನಡೆಸುವ ಕಾರ್ಖಾನೆಯಾಗುವುದು ಬೇಡ, ಸಂಶೋಧನೆ ಮಾಡಲಿ ಎಂದೇ ಅದನ್ನು ಕಟ್ಟಿದ್ದು. ಜಾನಪದಕ್ಕೆ, ಬುಡಕಟ್ಟು ಅಧ್ಯಯನಕ್ಕೆ, ಹಸ್ತಪ್ರತಿಗೆ, ಶಾಸನಕ್ಕೆ ಒಂದೊಂದು ವಿಭಾಗ. ಮಲೆಮಾದೇಶ್ವರ, ಮಂಟೇಸ್ವಾಮಿಯಂಥ ಬಾಯ್ದೆರೆಯ ಕಾವ್ಯಗಳನ್ನು ಅದರ ಪ್ರಸಾರಾಂಗ ದಪ್ಪ ದಪ್ಪ ಪುಸ್ತಕಗಳಾಗಿ ಹೊರತಂದಿತು. ಹಣದ ಕೊರತೆಯ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಆದರೂ ಈ ವಿಶ್ವವಿದ್ಯಾಲಯ ಮಾಡಿದ ಒಂದು ಕೆಲಸಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ತನ್ನ ಅತಿ ದೊಡ್ಡ ಗೌರವವಾದ ನಾಡೋಜವನ್ನು ಅದು ಸಾಹಿತಿಗಳು, ವಿದ್ವಾಂಸರಲ್ಲಿಯೇ ಹಂಚಿ ಮುಗಿಸಲಿಲ್ಲ. ಚಳ್ಳಕೆರೆ ಸೀಮೆಯ ಸಿರಿಯಜ್ಜಿ ನಾಡೋಜ. ಹಾಲಕ್ಕಿ ಹಾಡುಗಳ ಸುಕ್ರಿ ಬೊಮ್ಮಗೌಡ ನಾಡೋಜ. ಹುಲಿಕಲ್ ರಸ್ತೆಯ ಬದಿಗೆ 385 ಆಲದ ಮರ ಬೆಳೆಸಿದ ಸಾಲುಮರದ ತಿಮ್ಮಕ್ಕ ನಾಡೋಜ. ಈ ಮೂವರೂ ಶಾಲೆಯಲ್ಲಿ ಅಕ್ಷರ ಕಲಿತವರಲ್ಲ. ದರೋಜಿಯ ಈರಮ್ಮನೂ ಅದೇ ಸಾಲಿನಲ್ಲಿ ನಾಡೋಜ.

ಆ ಗೌರವ ಕೊಡುವುದು ನುಡಿಹಬ್ಬದಲ್ಲಿ, ಅಂದರೆ ಘಟಿಕೋತ್ಸವದಲ್ಲಿ. ಸಂಶೋಧನೆ ಮುಗಿಸಿದವರು ಪಿಎಚ್.ಡಿ. ಪಡೆಯುವುದೂ ಅದೇ ಹಬ್ಬದಲ್ಲಿಯೇ. ಒಂದು ಪ್ರಬಂಧಕ್ಕೆ 300 ಪುಟ ಎಂದು ಧಾರಾಳವಾಗಿಯೇ ಹಿಡಿಯೋಣ. 7,000 ಪುಟಕ್ಕೆ ಲೆಕ್ಕ ಹಾಕಿದರೆ 23 ಪಿಎಚ್.ಡಿ. ಆಗಿ, ಇನ್ನೂ 100 ಪುಟ ಮಿಗುತ್ತದೆ. ವಿಶ್ವವಿದ್ಯಾಲಯ ಈರಮ್ಮನಿಗೆ ಕೊಟ್ಟದ್ದು ಒಂದೇ ಪದವಿ.