ಹಗೇವು ಮತ್ತು ಎಣ್ಣೆಯ ಬಾವಿ

ಶಲವಡಿಯಲ್ಲಿರುವ ನಮ್ಮ ಕಾಕಾ, ಕಡಲೆ ಮಾರಿ ಬಂದ ಹಣವನ್ನು ಮೊಮ್ಮಗಳ ಕಾಲೇಜಿಗೆಂದು ತೆಗೆದಿರಿಸಿದ್ದರು. ಒಂದು ದಿನ ನನ್ನನ್ನು ಕೇಳಿದರು: "ತಮ್ಮಾ, ಎಣ್ಣಿ ತಗಿಯೋ ಕಂಪನಿ ಶೇರು ಭಾಳ ಸೋವಿ ಅದಾವಂತ, ಲಾಭಾಂಶಾನೂ ಛಲೋ ಕೊಡ್ತಾರಂತ. ಈ ರೊಕ್ಕಾ ಅದರಾಗ ಹಾಕಲೇನು?" ಅವರಿಗೆ ನಾನು ಕೊಟ್ಟ ಉತ್ತರವನ್ನೇ ಇಂದು ಕೇಳುಗರ ಮುಂದಿಡುತ್ತೇನೆ.

ಎರೆಸೀಮೆಯವರಾದ ನಮಗೆ ಹೊಲವೂ ಗೊತ್ತು, ಹಗೇವೂ ಗೊತ್ತು. ಹೊಲ ವರ್ಷವರ್ಷವೂ ಹೊಸ ಬೆಳೆ ಕೊಡುತ್ತದೆ. ಹಗೇವು ಹಾಗಲ್ಲ, ನೆಲದೊಳಗಿನ ಆ ಕಣಜದಿಂದ ಒಂದು ಚೀಲ ಜೋಳ ತೆಗೆದರೆ ಒಂದು ಚೀಲ ಕಡಿಮೆಯಾಯಿತೆಂದೇ ಅರ್ಥ. ಎಣ್ಣೆ, ಅನಿಲ ತೆಗೆಯುವ ಕಂಪನಿ ಹಗೇವಿನ ಜಾತಿಗೆ ಸೇರಿದುದು. ಅದು ಹಂಚುವ ಲಾಭಾಂಶದಲ್ಲಿ ಗಳಿಕೆಯೆಷ್ಟು, ಕರಗುತ್ತಿರುವ ಮೂಲಧನವೆಷ್ಟು ಎಂಬುದನ್ನು ಬೇರ್ಪಡಿಸಿ ನೋಡಬೇಕು.

ಆದ್ದರಿಂದ ಮೊದಲು ಕೇಳಬೇಕಾದದ್ದು: ನೆಲದೊಳಗೆ ಎಷ್ಟಿದೆ? ವರ್ಷಕ್ಕೆ ಎಷ್ಟು ತೆಗೆಯುತ್ತಾರೆ? ತೆಗೆದಷ್ಟನ್ನು ಹೊಸ ಶೋಧದಿಂದ ತುಂಬಿಕೊಳ್ಳುತ್ತಾರೆಯೇ? ನಮ್ಮ ದೇಶದ ಹಿರಿಯ ಎಣ್ಣೆಕ್ಷೇತ್ರವಾದ ಮುಂಬೈ ಹೈ ಪತ್ತೆಯಾದದ್ದು 1974ರಲ್ಲಿ. ಒಂದು ಕಾಲಕ್ಕೆ ಅಲ್ಲಿ ದಿನಕ್ಕೆ ಸುಮಾರು 4.7 ಲಕ್ಷ ಪೀಪಾಯಿ ಎಣ್ಣೆ ದೊರೆಯುತ್ತಿತ್ತು. 2024ರ ವೇಳೆಗೆ ಅದು 1.3 ಲಕ್ಷದ ಆಸುಪಾಸಿಗೆ ಇಳಿದಿತ್ತು. ನೆಲದೊಳಗಿನ ಲೆಕ್ಕವೂ ಅಂದಾಜಿನದೇ. ಜಗತ್ಪ್ರಸಿದ್ಧವಾದ ಶೆಲ್ ಕಂಪನಿಯೇ 2004ರಲ್ಲಿ ತನ್ನ ಖಚಿತ ನಿಕ್ಷೇಪದಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಲೆಕ್ಕದಿಂದ ತೆಗೆಯಬೇಕಾಯಿತು.

ಎರಡನೆಯದು ಖರ್ಚು. ಹತ್ತಿ ಬೆಳೆದವನ ಕೈಯಲ್ಲಿ ಪೇಟೆಯ ಧಾರಣೆ ಇಲ್ಲದಂತೆ, ಎಣ್ಣೆ ತೆಗೆಯುವವನ ಕೈಯಲ್ಲಿಯೂ ಅದರ ಬೆಲೆಯಿಲ್ಲ. 2008ರ ಜುಲೈಯಲ್ಲಿ ಪೀಪಾಯಿಗೆ 147 ಡಾಲರ್ ಮುಟ್ಟಿದ ಬೆಲೆ ಅದೇ ವರ್ಷದ ಕೊನೆಗೆ 40ರ ಕೆಳಗಿಳಿಯಿತು. ಪೀಪಾಯಿಗೆ 40 ಡಾಲರ್ ಖರ್ಚು ಬೀಳುವ ಕಂಪನಿಯೊಂದಿದೆ ಎನ್ನೋಣ. ಬೆಲೆ 80 ಇದ್ದರೆ ಲಾಭ 40. ಬೆಲೆ 60ಕ್ಕೆ ಇಳಿದರೆ ಲಾಭ 20. ಬೆಲೆ ಕಾಲುಭಾಗ ಇಳಿದರೆ ಲಾಭ ಅರ್ಧಕ್ಕರ್ಧ ಹೋಯಿತು.

"ಸೋವಿ" ಎಂಬ ಮಾತಿನ ಮೋಸ ಇರುವುದು ಇಲ್ಲಿಯೇ. ಶೇರಿನ ಬೆಲೆ 200 ರೂಪಾಯಿ, ವರ್ಷದ ಗಳಿಕೆ 40 ರೂಪಾಯಿ ಎಂದರೆ ಐದು ವರ್ಷದ ಗಳಿಕೆಗೇ ಸಿಕ್ಕಿತೆಂದು ಹಿಗ್ಗುತ್ತೇವೆ. ಆದರೆ ಆ 40 ಎಣ್ಣೆ ತುಟ್ಟಿಯಾಗಿದ್ದ ವರ್ಷದ್ದು. ಮರುವರ್ಷ ಗಳಿಕೆ 20ಕ್ಕಿಳಿದರೆ ಅದೇ ಶೇರು ಹತ್ತು ವರ್ಷದ ಗಳಿಕೆಯ ಬೆಲೆಯದಾಯಿತು. ಇಂಥ ಶೇರನ್ನು ಸುಗ್ಗಿಯ ವರ್ಷದ ಲೆಕ್ಕದಿಂದ ಅಳೆಯಬಾರದು. ಬರಗಾಲವೂ ಸೇರಿದ ಏಳೆಂಟು ವರ್ಷಗಳ ಸರಾಸರಿಯಿಂದ ಅಳೆಯಬೇಕು. ಸಾಲವೆಷ್ಟಿದೆ ಎಂಬುದನ್ನೂ ಆಗಲೇ ನೋಡಬೇಕು. ಬೆಲೆ ಬಿದ್ದಾಗ ಲಾಭ ತಗ್ಗುತ್ತದೆ, ಬಡ್ಡಿ ತಗ್ಗುವುದಿಲ್ಲ.

ಮೂರನೆಯದು ಸರಕಾರದ ಪಾಲು. ಸೀಮೆ ಎಣ್ಣೆ, ಡೀಸೆಲ್, ಅಡುಗೆ ಅನಿಲ ಜನರಿಗೆ ಅಗ್ಗವಾಗಿ ಸಿಗಲೆಂದು ಓಎನ್‌ಜಿಸಿ ಬಹುಕಾಲ ತನ್ನ ಕಚ್ಚಾ ಎಣ್ಣೆಯನ್ನು ರಿಯಾಯಿತಿಯಲ್ಲಿ ಕೊಡಬೇಕಾಗಿತ್ತು. ಬೆಲೆ ಏರಿದ 2022ರ ಜುಲೈಯಲ್ಲಿ ದೇಶದೊಳಗೆ ತೆಗೆದ ಕಚ್ಚಾ ಎಣ್ಣೆಯ ಮೇಲೆ ಟನ್ನಿಗೆ 23,250 ರೂಪಾಯಿ ವಿಶೇಷ ಸುಂಕ ಬಿತ್ತು. ಅದು ಪೂರ್ತಿ ರದ್ದಾದದ್ದು 2024ರ ಡಿಸೆಂಬರಿನಲ್ಲಿ. ಬೆಲೆ ಇಳಿದಾಗಿನ ನಷ್ಟ ಶೇರುದಾರನದು. ಏರಿದಾಗಿನ ಲಾಭಕ್ಕೆ ಮಾತ್ರ ಪಾಲುಗಾರರುಂಟು.

ಹಾಗಾದರೆ ಈ ಶೇರು ಕೊಳ್ಳಲೇಬಾರದೆ? ಹಾಗೆಂದು ನಾನು ಹೇಳಲಿಲ್ಲ. ಖರ್ಚು ಕಡಿಮೆಯಿದ್ದು, ಸಾಲ ಹಗುರವಾಗಿದ್ದು, ನಿಕ್ಷೇಪ ತುಂಬಿಕೊಳ್ಳುತ್ತಿರುವ ಕಂಪನಿಯನ್ನು ಎಣ್ಣೆ ಅಗ್ಗವಾಗಿ ಎಲ್ಲರೂ ಬೇಸತ್ತ ಕಾಲದಲ್ಲಿ ಕೊಂಡು, ಕಾಯುವ ತಾಳ್ಮೆಯುಳ್ಳವನಿಗೆ ಅದು ಫಲ ಕೊಡಬಹುದು. ಆದರೆ ಮೊಮ್ಮಗಳ ಶುಲ್ಕ ಕಟ್ಟುವ ದಿನ ಎಣ್ಣೆಯ ಧಾರಣೆಗಾಗಿ ಕಾಯುವುದಿಲ್ಲ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಗೇವಿಗೆ ಇಳಿಯೂ ಮೊದಲ ದೀಪಾ ಬಿಟ್ಟು ನೋಡ್ತೇವಲ್ಲೋ ತಮ್ಮಾ, ಹಂಗ ಆತಿದು" ಎಂದರು. ಒಳಗೆ ಕೆಟ್ಟ ಗಾಳಿ ತುಂಬಿದ್ದರೆ ದೀಪ ಆರುತ್ತದೆ. ಆಗ ಯಾರೂ ಇಳಿಯುವುದಿಲ್ಲ. ಕಡಲೆಯ ಹಣ ಅಂಚೆ ಕಚೇರಿಯಲ್ಲಿಯೇ ಉಳಿಯಿತು.