ಸ್ವಭಾವಕ್ಕೆ ತಕ್ಕ ಪದ: ಇಂಗ್ಲಿಷಿನ ಗುಣವಾಚಕಗಳನ್ನು ಕಲಿಯುವ ಬಗೆ

ಮನುಷ್ಯರ ಸ್ವಭಾವವನ್ನು ಬಣ್ಣಿಸುವ ಇಂಗ್ಲಿಷಿನ ಗುಣವಾಚಕಗಳನ್ನು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಸಾಮಾನ್ಯವಾಗಿ ಒಂದು ಪದಕ್ಕೆ ಒಂದು ಅರ್ಥ ಎಂಬ ಲೆಕ್ಕದಲ್ಲಿ ಬಾಯಿಪಾಠ ಮಾಡುತ್ತಾರೆ. 1951ರಲ್ಲಿ ಆರಂಭವಾದ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರ ಜೆಜೆಎಂ ವೈದ್ಯಕೀಯ ಕಾಲೇಜು ಮತ್ತು 2009ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯಗಳಿಂದ ವಿದ್ಯಾಕೇಂದ್ರವಾಗಿ ಬೆಳೆದ ದಾವಣಗೆರೆಯಲ್ಲಿ, ಆವರಗೆರೆಯಿಂದ ಹಿಡಿದು ನೆರೆಯ ಹರಿಹರದವರೆಗೂ ಉದ್ಯೋಗ ಸಂದರ್ಶನಕ್ಕೆ ಅಣಿಯಾಗುವ ಯುವಜನರಿಗೆ, ತಮ್ಮ ಗುಣವೇನು, ದೌರ್ಬಲ್ಯವೇನು ಎಂಬ ವಾಡಿಕೆಯ ಪ್ರಶ್ನೆ ಎದುರಾದಾಗ ಈ ಪದಗಳ ಅಗತ್ಯ ಬೀಳುತ್ತದೆ. ಪಟ್ಟಿ ಕಂಠಸ್ಥವಾಗಿದ್ದರೂ ಆ ಗಳಿಗೆಯಲ್ಲಿ ತಕ್ಕ ಪದ ಬಾಯಿಗೆ ಬಾರದಿರುವುದಕ್ಕೆ ಒಂದು ಮುಖ್ಯ ಕಾರಣ ಎರಡು ಭಾಷೆಗಳ ರಚನೆಯಲ್ಲೇ ಇದೆ.

ಕನ್ನಡವು ಸ್ವಭಾವವನ್ನು ಹೇಳಲು ಗುಣವಾಚಕವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. "ಅವರಿಗೆ ಕೋಪ ಜಾಸ್ತಿ", "ಆಕೆಗೆ ಧೈರ್ಯವಿದೆ" ಎಂಬಂಥ ವಾಕ್ಯಗಳಲ್ಲಿ ವ್ಯಕ್ತಿ ಚತುರ್ಥಿ ವಿಭಕ್ತಿಯಲ್ಲಿ, ಅಂದರೆ "ಗೆ" ಅಥವಾ "ಇಗೆ" ಪ್ರತ್ಯಯದೊಡನೆ ಬರುತ್ತಾನೆ, ಗುಣವು ಆತನಲ್ಲಿರುವ ಒಂದು ವಸ್ತುವಿನಂತೆ ನಾಮಪದವಾಗಿ ನಿಲ್ಲುತ್ತದೆ. ಇಲ್ಲವೇ ಜಗಳಗಂಟ, ಚಾಡಿಕೋರ, ಅಳುಬುರುಕ, ಮಿತಭಾಷಿ, ಹೃದಯವಂತ ಎಂಬಂತೆ ವ್ಯಕ್ತಿಯೇ ಆ ಗುಣದ ಹೆಸರನ್ನು ಹೊರುತ್ತಾನೆ. ಇಂಗ್ಲಿಷಿನಲ್ಲಾದರೋ ವ್ಯಕ್ತಿ ಕರ್ತೃವಾಗಿ, "ಈಸ್" ಎಂಬ ಕ್ರಿಯಾಪದದ ನೆರವಿನಿಂದ, ನೇರವಾಗಿ ಗುಣವಾಚಕಕ್ಕೆ ಜೋಡಣೆಯಾಗುತ್ತಾನೆ. ಭಾಷಾವಿಜ್ಞಾನಿ ಆರ್. ಎಂ. ಡಬ್ಲ್ಯು. ಡಿಕ್ಸನ್ 1977ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಗುಣವಾಚಕಗಳು ಕಡಿಮೆಯಿರುವ ಭಾಷೆಗಳಲ್ಲೂ ಗಾತ್ರ, ಬಣ್ಣ, ವಯಸ್ಸು, ಒಳಿತು ಕೆಡುಕುಗಳಿಗೆ ಅವು ಸಿಗುತ್ತವೆ, ಮನುಷ್ಯ ಸ್ವಭಾವಕ್ಕೆ ಮಾತ್ರ ಹೆಚ್ಚಾಗಿ ನಾಮಪದ ಅಥವಾ ಕ್ರಿಯಾಪದಗಳೇ ಬಳಕೆಯಾಗುತ್ತವೆ ಎಂದು ತೋರಿಸಿದರು. ಕನ್ನಡಿಗರೇ ಆದ ಡಿ. ಎನ್. ಶಂಕರ ಭಟ್ಟರು 1994ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥವೊಂದು ಹಲವು ಭಾಷೆಗಳಲ್ಲಿ ಗುಣವಾಚಕ ವರ್ಗವನ್ನು ಗುರುತಿಸುವ ಬಗೆಯನ್ನೇ ಕುರಿತದ್ದು. ಹೀಗಾಗಿ ಹೊಸ ಪದದ ಜೊತೆಗೆ ವಾಕ್ಯದ ಹೊಸ ಅಚ್ಚನ್ನೂ ರೂಢಿಸಿಕೊಳ್ಳುವುದು ಕನ್ನಡದ ಕಲಿಕೆಗಾರನಿಗೆ ಅನಿವಾರ್ಯ.

ಇಂಗ್ಲಿಷಿನಲ್ಲಿ ಇಂಥ ಪದಗಳ ಸಂಖ್ಯೆಯೂ ಬಲು ದೊಡ್ಡದು. ಗೋರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ವೆಬ್‌ಸ್ಟರ್ ನಿಘಂಟನ್ನು ಜಾಲಾಡಿ, ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಿ ತೋರಿಸಬಲ್ಲ 17,953 ಪದಗಳನ್ನು 1936ರಲ್ಲಿ ಪಟ್ಟಿ ಮಾಡಿದರು. ಅವುಗಳಲ್ಲಿ ಸ್ಥಿರ ಸ್ವಭಾವವನ್ನು ಸೂಚಿಸುವಂಥವು ಸುಮಾರು 4,500. ಮುಂದಿನ ಸಂಶೋಧಕರು ಇವನ್ನು ಸೋಸುತ್ತ ಬಂದು, ಹೊಸ ಅನುಭವಕ್ಕೆ ತೆರೆದುಕೊಳ್ಳುವ ಗುಣ, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ, ಭಾವನಾತ್ಮಕ ಅಸ್ಥಿರತೆ ಎಂಬ ಐದು ಗುಂಪುಗಳಿಗೆ ತಂದು ನಿಲ್ಲಿಸಿದರು. ಕಲಿಕೆಗಾರನಿಗೆ ಈ ವಿಂಗಡಣೆ ಅಕಾರಾದಿಗಿಂತ ಹೆಚ್ಚು ಉಪಯುಕ್ತ, ಏಕೆಂದರೆ ಜನರೊಡನೆ ಬೆರೆಯುವ "ಗ್ರಿಗೇರಿಯಸ್" ಮತ್ತು ಮನಸ್ಸಿನ ಮಾತನ್ನು ಸುಲಭಕ್ಕೆ ಹೊರಗೆಡಹದ "ರೆಟಿಸೆಂಟ್" ಒಂದೇ ಅಳತೆಗೋಲಿನ ಎರಡು ತುದಿಗಳಾಗಿ ನೆನಪಿನಲ್ಲಿ ಉಳಿಯುತ್ತವೆ.

ನಿಜವಾದ ತೊಡಕಿರುವುದು ಪದದೊಳಗೆ ಅಡಗಿರುವ ಮೆಚ್ಚುಗೆ ಅಥವಾ ನಿಂದೆಯಲ್ಲಿ. ಹಣವನ್ನು ಹಿಡಿತದಲ್ಲಿ ಖರ್ಚು ಮಾಡುವವನನ್ನು "ಫ್ರೂಗಲ್" ಎಂದರೆ ಮಿತವ್ಯಯದ ಹೊಗಳಿಕೆ, "ಸ್ಟಿಂಜಿ" ಎಂದರೆ ಜಿಪುಣತನದ ಆಕ್ಷೇಪ. ಪಟ್ಟು ಬಿಡದವನು "ಟೆನೇಶಿಯಸ್" ಆದರೆ ಛಲಗಾರ, "ಆಬ್‌ಸ್ಟಿನೇಟ್" ಆದರೆ ಮೊಂಡ. ದಾವಣಗೆರೆ ಸೀಮೆಯ ಆಡುಮಾತಿನಲ್ಲಿ ಒಬ್ಬನನ್ನು "ಬೆರಕಿ" ಎಂದಾಗ ಅವನ ಚಾಲಾಕಿತನದ ಬಗ್ಗೆ ಮೆಚ್ಚುಗೆಯೂ ಇರಬಹುದು, ಹುಷಾರಾಗಿರಬೇಕೆಂಬ ಎಚ್ಚರಿಕೆಯೂ ಇರಬಹುದು, ಹೇಳುವವನ ದನಿ ಅದನ್ನು ನಿರ್ಧರಿಸುತ್ತದೆ. ಇಂಗ್ಲಿಷಿನಲ್ಲಿ ಹೇಳುವಾಗಲಾದರೋ ವ್ಯವಹಾರ ಬುದ್ಧಿಯನ್ನು ಒಪ್ಪುವ "ಶ್ರೂಡ್" ಬೇಕೋ, ಕುಟಿಲತೆಯನ್ನು ಹಳಿಯುವ "ಕನ್ನಿಂಗ್" ಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಬೇಕಾಗುತ್ತದೆ. ಶಿಫಾರಸು ಪತ್ರದಲ್ಲಿ ಈ ಆಯ್ಕೆ ತಪ್ಪಿದರೆ ಹೊಗಳಲು ಹೊರಟದ್ದು ದೂರಾಗಿ ಪರಿಣಮಿಸುತ್ತದೆ.

ಈಗಾಗಲೇ ಕನ್ನಡದೊಳಗೆ ಬಳಕೆಯಾಗುತ್ತಿರುವ ಇಂಗ್ಲಿಷ್ ಪದಗಳ ವಿಷಯದಲ್ಲೂ ಎಚ್ಚರ ಅಗತ್ಯ. ವಧು ಬೇಕೆಂಬ ಜಾಹೀರಾತುಗಳಲ್ಲಿ "ಹೋಮ್ಲಿ" ಎಂದರೆ ಮನೆವಾರ್ತೆಗೆ ಹೊಂದಿಕೊಳ್ಳುವ ಸರಳ ಹುಡುಗಿ. ಅಮೆರಿಕದ ಇಂಗ್ಲಿಷಿನಲ್ಲಿ ಅದೇ ಪದಕ್ಕೆ ರೂಪವಿಲ್ಲದವಳು ಎಂಬ ಅರ್ಥವಿದೆ. "ಸೆನ್ಸಿಬಲ್" ವಿವೇಕಿಯನ್ನು, "ಸೆನ್ಸಿಟಿವ್" ಬೇಗ ನೋಯುವ ಅಥವಾ ಇತರರ ನೋವನ್ನು ಬೇಗ ಅರಿಯುವ ಮನಸ್ಸನ್ನು ಸೂಚಿಸಿದರೂ ಮಾತಿನ ಭರದಲ್ಲಿ ಒಂದರ ಬದಲು ಇನ್ನೊಂದು ಬಂದುಬಿಡುವುದುಂಟು.

ಕಲಿಯುವ ದಾರಿ ಎರಡು ಹಂತದ್ದು. ಮೊದಲನೆಯದು ಪದದ ಮೂಲ: "ಮ್ಯಾಗ್ನಾನಿಮಸ್" ಎಂಬುದರಲ್ಲಿ ಲ್ಯಾಟಿನ್ ಭಾಷೆಯ ದೊಡ್ಡದು ಮತ್ತು ಮನಸ್ಸು ಎಂಬ ಎರಡು ಪದಗಳಿವೆ, "ಗ್ರಿಗೇರಿಯಸ್" ಹಿಂಡು ಎಂಬ ಪದದಿಂದ ಹುಟ್ಟಿದೆ. ಎರಡನೆಯದು ಪುರಾವೆ, ಅಂದರೆ ಗುಣವಾಚಕದ ಬೆನ್ನಿಗೇ ಅದನ್ನು ಸಮರ್ಥಿಸುವ ಒಂದು ನಡವಳಿಕೆಯನ್ನು ಹೇಳುವುದು. ಬೆಣ್ಣೆದೋಸೆಯ ಹೋಟೆಲಿನಲ್ಲಿ ಪ್ರತಿ ಸಲವೂ ಕಾವಲಿಯ ಕಾವನ್ನು ನೀರು ಚಿಮುಕಿಸಿ ನೋಡಿದ ಮೇಲೆಯೇ ಹಿಟ್ಟು ಹುಯ್ಯುವ ಭಟ್ಟರನ್ನು "ಮೆಟಿಕ್ಯುಲಸ್" ಎಂದು ಬಣ್ಣಿಸಿದಾಗ, ಸಣ್ಣ ವಿವರವನ್ನೂ ಬಿಡದ ಅಚ್ಚುಕಟ್ಟುತನ ಎಂಬ ಅರ್ಥ ನಿಘಂಟಿನ ನೆರವಿಲ್ಲದೆಯೇ ಮನದಟ್ಟಾಗುತ್ತದೆ. ಸಂದರ್ಶನದಲ್ಲಿಯೂ ತನ್ನನ್ನು ಆ ಪದದಿಂದ ಕರೆದುಕೊಂಡು ಸುಮ್ಮನಾಗುವವನಿಗಿಂತ, ಪ್ರಯೋಗಾಲಯದ ಅಳತೆಗಳನ್ನು ಎರಡನೆಯ ಬಾರಿ ತಾಳೆ ನೋಡುವ ತನ್ನ ರೂಢಿಯನ್ನು ಜೊತೆಗೆ ಹೇಳುವವನ ಮಾತಿಗೆ ಹೆಚ್ಚು ತೂಕ ಬರುತ್ತದೆ. ಅಂಥ ಪುರಾವೆಯೊಡನೆ ಹೇಳಬಲ್ಲ ಇಪ್ಪತ್ತು ಪದಗಳು, ಬರೀ ಕಂಠಪಾಠವಾದ ಇನ್ನೂರಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.