ಮಾತಿಲ್ಲದ ಚೌಕ, ತುಂಬಿದ ಕಣ್ಣು: ಗ್ರಾಫಿಕ್ ಕಾದಂಬರಿಗಳು ಮನಸ್ಸನ್ನು ಇಷ್ಟೊಂದು ತಟ್ಟುವುದೇಕೆ?

ವಾರಾಣಸಿ: ನಗರದಿಂದ ಸುಮಾರು 10 ಕಿ.ಮೀ. ದೂರದ ಸಾರನಾಥಕ್ಕೆ ಹೋದವರು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಮೊದಲು ಹುಡುಕುವುದು ಅಶೋಕನ ನಾಲ್ಕು ಸಿಂಹಗಳನ್ನು. ಅದೇ ಸಂಗ್ರಹಾಲಯದಲ್ಲಿ ಗುಪ್ತರ ಕಾಲದ ಒಂದು ಕಲ್ಲಿನ ಫಲಕವೂ ಇದೆ. ಬುದ್ಧನ ಬದುಕಿನ ಎಂಟು ಘಟನೆಗಳನ್ನು ಎಂಟು ಚೌಕಗಳಲ್ಲಿ ಕೆತ್ತಿದ್ದಾರೆ. ಒಂದರಲ್ಲಿ ಮಗು ಹುಟ್ಟುತ್ತದೆ, ಇನ್ನೊಂದರಲ್ಲಿ ಮದವೇರಿದ ಆನೆ ತಲೆಬಾಗುತ್ತದೆ, ಮತ್ತೊಂದರಲ್ಲಿ ಕೋತಿಯೊಂದು ಜೇನು ತಂದುಕೊಡುತ್ತದೆ. ಪರಿನಿರ್ವಾಣದ ಚೌಕದಲ್ಲಿ ಬುದ್ಧ ಮಲಗಿದ್ದಾನೆ. ಒಂದು ಚೌಕಕ್ಕೂ ಮತ್ತೊಂದಕ್ಕೂ ನಡುವೆ ಏನೇನಾಯಿತು ಎಂಬುದನ್ನು ಕಲ್ಲು ಹೇಳುವುದಿಲ್ಲ. ನೋಡುವವರೇ ಮನಸ್ಸಿನಲ್ಲಿ ತುಂಬಿಕೊಳ್ಳಬೇಕು.

ಇಂದು 'ಗ್ರಾಫಿಕ್ ಕಾದಂಬರಿ' ಎಂದು ಕರೆಯುವ ಪುಸ್ತಕಗಳ ಶಕ್ತಿ ಇರುವುದೂ ಇದರಲ್ಲೇ. 'ಅಯ್ಯೋ, ಅದು ಕಾಮಿಕ್ಸ್ ಅಲ್ವಾ, ಮಕ್ಕಳಿಗೆ' ಎಂದು ಪಕ್ಕಕ್ಕಿಡುವ ದೊಡ್ಡವರು ಅದೇ ಪುಸ್ತಕ ಓದಿ ಮಾತು ಕಳೆದುಕೊಳ್ಳುವುದುಂಟು.

ಕಲ್ಲಿನಿಂದ ಗೋಡೆಗೆ, ಗೋಡೆಯಿಂದ ಕಾಗದಕ್ಕೆ

ಸಾರನಾಥದ ಮೂಲಗಂಧಕುಟಿ ವಿಹಾರ 1931ರಲ್ಲಿ ಆರಂಭವಾಯಿತು. ಅದರ ಒಳಗೋಡೆಗಳ ಮೇಲೆ ಬುದ್ಧನ ಕಥೆಯನ್ನು ಚಿತ್ರಿಸಿದವರು ಜಪಾನಿನ ಕಲಾವಿದ ಕೊಸೆತ್ಸು ನೊಸು. ಅಜಂತಾದ ಚಿತ್ರಗಳನ್ನು ಪ್ರತಿ ಮಾಡಿ ಪಳಗಿದ್ದ ಕೈ ಅದು. 1932ರಿಂದ 1936ರವರೆಗೆ ಅವರು ಇಲ್ಲಿ ಕೆಲಸ ಮಾಡಿದರು. ಈಗಲೂ ಪ್ರವಾಸಿಗರು ಒಂದು ಗೋಡೆಯಿಂದ ಇನ್ನೊಂದಕ್ಕೆ ನಡೆಯುತ್ತ, ಪುಟ ತಿರುಗಿಸಿದಂತೆ ಆ ಕಥೆಯನ್ನು ನೋಡುತ್ತಾರೆ.

ಕೆಲವು ದಶಕಗಳ ಬಳಿಕ ಇದೇ ಕಥೆಯನ್ನು ಜಪಾನಿನ ಇನ್ನೊಬ್ಬ ಚಿತ್ರಕಾರ ಕಾಗದದ ಮೇಲೆ ತಂದರು. ಅವರು ವೈದ್ಯಕೀಯ ಓದಿ ಕಾಮಿಕ್ಸ್‌ಗೆ ಬಂದ ಒಸಾಮು ತೆಜುಕಾ (1928-1989). ಅವರ 'ಬುದ್ಧ' 1972ರಿಂದ 1983ರವರೆಗೆ ಧಾರಾವಾಹಿಯಾಗಿ ಬಂತು. ಇಂಗ್ಲಿಷ್‌ನಲ್ಲಿ ಎಂಟು ಸಂಪುಟಗಳಿವೆ. ಐದನೆಯದರ ಹೆಸರು 'ಡೀರ್ ಪಾರ್ಕ್'. ಜಿಂಕೆಗಳ ವನ, ಅಂದರೆ ಸಾರನಾಥವೇ.

ಮೊದಲ ಸಂಪುಟದ ಆರಂಭದಲ್ಲಿ ಒಂದು ಜಾತಕ ಕಥೆ ಬರುತ್ತದೆ. ಹಿಮದಲ್ಲಿ ಒಬ್ಬ ಮುದುಕ ಹಸಿದು ಕುಸಿದು ಬಿದ್ದಿದ್ದಾನೆ. ಕರಡಿ ಮೀನು ತರುತ್ತದೆ, ನರಿ ಹಣ್ಣು ತರುತ್ತದೆ. ಮೊಲಕ್ಕೆ ಏನೂ ಸಿಗುವುದಿಲ್ಲ. ಅದು ಬೆಂಕಿಗೆ ಹಾರಿ ತನ್ನನ್ನೇ ಆಹಾರವಾಗಿ ಕೊಡುತ್ತದೆ. ಈ ಪುಟಗಳನ್ನು ತೆಜುಕಾ ಬಹುತೇಕ ಮಾತಿಲ್ಲದೆ ಬರೆದಿದ್ದಾರೆ. ಮೊಲ ಏನು ಯೋಚಿಸಿತು ಎಂದು ತಿಳಿಸುವ ಸಾಲುಗಳಿಲ್ಲ. ನಮ್ಮ ಕಣ್ಣು ಒಂದು ಚೌಕದಿಂದ ಇನ್ನೊಂದಕ್ಕೆ ದಾಟುವ ಆ ಕ್ಷಣದಲ್ಲಿ ಮೊಲದ ತೀರ್ಮಾನ ನಮ್ಮೊಳಗೇ ಆಗಿಬಿಡುತ್ತದೆ. ಕಥೆ ಮೊದಲೇ ಗೊತ್ತಿದ್ದರೂ ತಟ್ಟುವುದು ಅದಕ್ಕೇ.

ಬಿಳಿ ಜಾಗದ ಕೆಲಸ

ಅಮೆರಿಕದ ಸ್ಕಾಟ್ ಮೆಕ್‌ಲೌಡ್ 1993ರ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್' ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿ ನಡೆಯುವುದನ್ನು ಓದುಗರೇ ಕಲ್ಪಿಸಿಕೊಳ್ಳುತ್ತಾರೆ. ಎತ್ತಿದ ಕೊಡಲಿ ಒಂದು ಚೌಕದಲ್ಲಿ, ಕಿರುಚಾಟ ಮುಂದಿನದರಲ್ಲಿ ಇದ್ದರೆ, ಏಟು ಹಾಕಿದ್ದು ಓದುಗರ ಕಲ್ಪನೆ. ಸಿನಿಮಾದಲ್ಲಿ ದೃಶ್ಯ ಎಷ್ಟು ಹೊತ್ತು ನಿಲ್ಲಬೇಕು ಎಂದು ನಿರ್ದೇಶಕರು ನಿರ್ಧರಿಸುತ್ತಾರೆ. ಇಲ್ಲಿ ಗಡಿಯಾರ ಓದುಗರ ಕೈಯಲ್ಲಿದೆ. ಸಹಿಸಲಾಗದಿದ್ದರೆ ಪುಟ ತಿರುಗಿಸಬಹುದು, ಇಲ್ಲವೇ ಅಲ್ಲೇ ನಿಲ್ಲಬಹುದು. ಮುಖವನ್ನು ನಾಲ್ಕು ಗೆರೆಗಳಲ್ಲಿ ಬರೆದಷ್ಟೂ ಅದರಲ್ಲಿ ನಮ್ಮನ್ನೇ ಕಾಣುವುದು ಸುಲಭ ಎಂಬುದೂ ಮೆಕ್‌ಲೌಡ್ ವಾದ.

ತೆಜುಕಾ ಇದನ್ನು ಬಳಸಿಕೊಂಡ ರೀತಿ ಗಮನಾರ್ಹ. ಮೊದಲ ಸಂಪುಟದಲ್ಲಿ ಸಿದ್ಧಾರ್ಥ ಇನ್ನೂ ಹಸುಗೂಸು. ಕಥೆ ಸಾಗುವುದು ಚಪ್ರ ಎಂಬ ಗುಲಾಮ ಹುಡುಗ, ಅವನ ತಾಯಿ ಮತ್ತು ತತ್ತ ಎಂಬ ಅಸ್ಪೃಶ್ಯ ಹುಡುಗನ ಮೂಲಕ. ಹುಟ್ಟನ್ನು ಮುಚ್ಚಿಟ್ಟು ಮೇಲೇರಲು ನೋಡಿದ ಚಪ್ರ ಕೊನೆಗೆ ತಾಯಿಯೊಂದಿಗೆ ಸಾಯುತ್ತಾನೆ. ಅವರಿಬ್ಬರೂ ತೆಜುಕಾ ಕಲ್ಪಿಸಿದ ಪಾತ್ರಗಳು. ಮುಂದೆ ರಾಜಕುಮಾರ ಅರಮನೆ ಬಿಡುವ ಹೊತ್ತಿಗೆ, ಅವನು ಯಾವ ದುಃಖವನ್ನು ಹುಡುಕಿ ಹೊರಟಿದ್ದಾನೆ ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಅವರು ಅದನ್ನು ನೋಡಿಯಾಗಿದೆ. ಪುಸ್ತಕದ ನಡುನಡುವೆ ಬರುವ ಇಂದಿನ ಕಾಲದ ಜೋಕುಗಳು ಮಾತ್ರ ಕೆಲವೆಡೆ ಊಟದಲ್ಲಿ ಸಿಕ್ಕ ಕಲ್ಲಿನಂತೆ ಕಿರಿಕಿರಿ ಮಾಡುತ್ತವೆ.

ಚೇಳಿನ ಬಾಲದ ಮಾತು

1956ರ ನವೆಂಬರ್‌ನಲ್ಲಿ, ನಿಧನಕ್ಕೆ ಕೆಲವೇ ದಿನಗಳ ಮೊದಲು, ಡಾ. ಬಿ.ಆರ್. ಅಂಬೇಡ್ಕರ್ ಸಾರನಾಥಕ್ಕೆ ಬಂದಿದ್ದರು. ಅವರ ಬದುಕಿನ ಅವಮಾನಗಳನ್ನು ಹೇಳುವ 'ಭೀಮಾಯಣ' (2011) ಭಾರತದಲ್ಲಿ ಈ ಪ್ರಕಾರದ ಅತ್ಯಂತ ಗಟ್ಟಿ ಪುಸ್ತಕಗಳಲ್ಲಿ ಒಂದು. ಚಿತ್ರ ಬರೆದವರು ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು.

ತಂದೆಯನ್ನು ಕಾಣಲು ಗೋರೆಗಾಂವ್‌ಗೆ ಹೊರಟ ಬಾಲಕ ಭೀಮನ ಜಾತಿ ತಿಳಿದ ಕೂಡಲೇ ಸ್ಟೇಷನ್ ಮಾಸ್ತರ ದೂರ ಸರಿಯುತ್ತಾನೆ. ಎತ್ತಿನ ಗಾಡಿಯವನು ಎರಡು ಪಟ್ಟು ಬಾಡಿಗೆ ಪಡೆದರೂ ಜೊತೆಗೆ ಕೂರುವುದಿಲ್ಲ. ರಾತ್ರಿಯಿಡೀ ಮಕ್ಕಳಿಗೆ ಕುಡಿಯಲು ನೀರು ಸಿಗುವುದಿಲ್ಲ. ಜನರನ್ನು ಪೆಟ್ಟಿಗೆಯೊಳಗೆ ಕೂಡಿಹಾಕಲು ಒಪ್ಪದ ಈ ಕಲಾವಿದರು ಇಲ್ಲಿ ಚೌಕಗಳನ್ನೇ ಬಿಟ್ಟಿದ್ದಾರೆ. ಮೃದು ಮಾತುಗಳಿಗೆ ಹಕ್ಕಿಯ ಆಕಾರ ಕೊಟ್ಟು, ಜಾತಿಯ ವಿಷ ಕಾರುವ ಮಾತುಗಳಿಗೆ ಚೇಳಿನ ಬಾಲ ಹಚ್ಚಿದ್ದಾರೆ. ಯಾರ ಮಾತು ಕುಟುಕುತ್ತದೆ ಎಂಬುದು ಅಕ್ಷರ ಓದುವ ಮೊದಲೇ ಕಣ್ಣಿಗೆ ಬೀಳುತ್ತದೆ.

ಬೆಂಗಳೂರಿನ ಮಂತಾ ರೇ ಕಾಮಿಕ್ಸ್ 2010ರಲ್ಲಿ ತಂದ 'ಹಷ್' ಇನ್ನೊಂದು ದಾರಿ ಹಿಡಿಯಿತು. ಲೈಂಗಿಕ ದೌರ್ಜನ್ಯಕ್ಕೆ ತುತ್ತಾದ ಶಾಲಾ ಬಾಲಕಿಯ ಕಥೆ. ಸಂಭಾಷಣೆ ಒಂದೂ ಇಲ್ಲ. ಆ ಹುಡುಗಿಗೆ ಹೇಳಿಕೊಳ್ಳಲು ಆಗದ್ದನ್ನು ಪುಸ್ತಕವೂ ಹೇಳುವುದಿಲ್ಲ.

ನೋವಿನಿಂದಲೇ ಹುಟ್ಟಿದ ಪ್ರಕಾರ

'ಗ್ರಾಫಿಕ್ ಕಾದಂಬರಿ' ಎಂಬ ಹೆಸರನ್ನು ಜನಪ್ರಿಯಗೊಳಿಸಿದ್ದು ವಿಲ್ ಐಸ್ನರ್ ಅವರ 'ಎ ಕಾಂಟ್ರ್ಯಾಕ್ಟ್ ವಿತ್ ಗಾಡ್' (1978). ಮಗಳನ್ನು ಕಳೆದುಕೊಂಡು ದೇವರ ಮೇಲೆ ಸಿಟ್ಟಾಗುವ ತಂದೆಯ ಕಥೆ ಅದು. ಐಸ್ನರ್ ಅವರ ಮಗಳು ಹದಿಹರೆಯದಲ್ಲೇ ರಕ್ತ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದಳು. ಹಿಟ್ಲರನ ಶಿಬಿರದಿಂದ ಬದುಕಿ ಬಂದ ತಂದೆಯ ಕಥೆ ಹೇಳಿದ ಆರ್ಟ್ ಸ್ಪೀಗೆಲ್‌ಮನ್ ಅವರ 'ಮೌಸ್' 1992ರಲ್ಲಿ ವಿಶೇಷ ಪುಲಿಟ್ಜರ್ ಪಡೆಯಿತು. ಯಹೂದಿಗಳು ಇಲಿಗಳಾಗಿ, ನಾಜಿಗಳು ಬೆಕ್ಕುಗಳಾಗಿ ಬರುವ ಈ ಪುಸ್ತಕವನ್ನು 2022ರ ಜನವರಿಯಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದ ಒಂದು ಶಾಲಾ ಮಂಡಳಿ ಪಠ್ಯದಿಂದ ತೆಗೆದುಹಾಕಿತು. ಬೈಗುಳ ಮತ್ತು ನಗ್ನತೆ ಇದೆ ಎಂಬುದು ಕಾರಣ. ಸುದ್ದಿ ಹರಡಿದ್ದೇ ತಡ, ಪುಸ್ತಕ ಮತ್ತೆ ಮಾರಾಟದ ಪಟ್ಟಿಯ ತುದಿಗೇರಿತು.

ಕನ್ನಡಕ್ಕೆ ಚಿತ್ರಕಥೆ ಹೊಸತೇನಲ್ಲ. ಅಮರ ಚಿತ್ರಕಥೆಯ ಮೊದಲ ಪುಸ್ತಕಗಳು ಬಂದದ್ದೇ ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ. ಅದನ್ನು ಮನೆಮನೆಗೆ ಮುಟ್ಟಿಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಆದರೆ ಆ ಪುಸ್ತಕಗಳಲ್ಲಿ ಪ್ರತಿ ಚಿತ್ರದ ಮೇಲೂ ವಿವರಣೆ ಇರುತ್ತಿತ್ತು, ಮೌನಕ್ಕೆ ಜಾಗ ಕಡಿಮೆ. ದೊಡ್ಡವರ ದುಃಖವನ್ನು ಕನ್ನಡದಲ್ಲೇ ಚಿತ್ರಿಸುವ ಪುಸ್ತಕಗಳು ಇನ್ನೂ ಹೆಚ್ಚು ಬರಬೇಕಿದೆ.

ಹೊಸದಾಗಿ ಓದುವವರು ತೆಜುಕಾ ಅವರ ಮೊದಲ ಸಂಪುಟದಿಂದ ಶುರು ಮಾಡಬಹುದು. ಅಕ್ಷರ ಕಡಿಮೆ ಇದೆ ಎಂದು ಮೊಲದ ಪುಟಗಳನ್ನು ಓಡಿಸಬೇಡಿ. ಹಿಂಸೆ, ನಗ್ನತೆಯ ಚಿತ್ರಗಳೂ ಇರುವುದರಿಂದ ಚಿಕ್ಕ ಮಕ್ಕಳ ಕೈಗೆ ಕೊಡುವ ಮುನ್ನ ನೀವೊಮ್ಮೆ ಓದಿಬಿಡಿ.